ಪ್ರೊಜೆಕ್ಟರ್ ಫೋಕಸ್ ಮೋಟರ್ ತೆಗೆದು ಕರೆಂಟ್‌ಲೇ ಫೋಕಸ್ ಆಗೋ ಲೆನ್ಸ್ ಹಾಕ್ಲಾಕ ಬರ್ತದೇನ್ರಿ?

ಫರ್ಸಿಕಲ್ಲು (ಕಲಬುರಗಿ)

ಹಾಲಿನ್ಯಾಗ ಸೀಲಿಂಗ್‌ಗೆ ತೂಗು ಹಾಕಿದ ಡಿಎಲ್‌ಪಿ ಪ್ರೊಜೆಕ್ಟರ್ (ಚಿಪ್ಪಿನ ಮ್ಯಾಲಿನ ಸಣ್ಣ ಸಣ್ಣ ಕನ್ನಡಿಲೇ ಚಿತ್ರ ಮೂಡಸೋದು) ಅದ. 1080 ರೆಸಲ್ಯೂಷನ್, ಲೆನ್ಸ್ 20 ಮಿ.ಮೀ., ಎಫ್/2. ಪರದಿ 3.2 ಮೀಟರ್ ದೂರ. ಎರಡು ತಕರಾರು. ಫೋಕಸ್ ಮೋಟರಿನ ಪ್ಲಾಸ್ಟಿಕ್ ಗೇರಿನ ಹಲ್ಲು ಕಿತ್ತಾವ. ಅದಲ್ದೇ, ಬ್ಯಾಸಿಗ್ಯಾಗ ಆನ್ ಮಾಡಿದ ಅರ್ಧ ತಾಸಿಗೆ ಅಕ್ಷರ ಮಸುಕಾಗ್ತಾವ, ಮತ್ತ ಏಣಿ ಹಚ್ಚಬೇಕು.

ಎಲೆಕ್ಟ್ರಿಕ್ ಟ್ಯೂನಬಲ್ ಲೆನ್ಸ್ ಅಂತ ಬರ್ತಾವಲ್ರಿ, ಒಳಗ ದ್ರವ, ಮ್ಯಾಲ ಪೊರಿ, ಕಾಯಿಲಿಗೆ ಕರೆಂಟ್ ಕೊಟ್ರ ಪೊರಿ ಉಬ್ಬಿ ಪಾವರ್ ಬದಲಾಗ್ತದ. ಅದನ್ನ ಮುಂದ ಕೂಡಿಸಿ ಮೋಟರ್, ಗೇರ್ ಎಲ್ಲಾ ತೆಗೆದು ಒಗದ್ರ ಹೆಂಗ? ಎಷ್ಟು ಪಾವರಿಂದು ಬೇಕು, ಎಲ್ಲಿ ಕೂಡಿಸಬೇಕು, ಬಿಸಿಲಿಗಿ ತಡೀತದೋ ಇಲ್ಲೋ, ಗೊತ್ತಿದ್ದೋರು ಹೇಳ್ರಿ.

ತೊಗರಿಕಟ್ಟಿ (ಸೇಡಂ)

ಗೇರ್ ಬದಲಿಸ್ರಿ, ಮುಗೀತು. ಆ ಒಂದು ಲೆನ್ಸಿನ ರೊಕ್ಕದಾಗ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರೇ ಬರ್ತದ.

ಮಾಲದಂಡಿ (ಅಫಜಲಪುರ)

ಕಟ್ಟಿ ಅಣ್ಣ ಎಲ್ಲಾ ಥ್ರೆಡ್ಡಿಗೂ ಇದೇ ಉತ್ತರ ಕೊಡ್ತಾನ. ಜರಾ ಲೆಕ್ಕ ಗೊತ್ತಿದ್ದೋರು ಬರ್ರಿ.

ಬೆಳಕಿನಬಿಂದು (ಕಲಬುರಗಿ)

ಲೆಕ್ಕ ಇಲ್ಲಿದೆ. ಪಾವರ್ ಎಷ್ಟು ಬೇಕು ಅನ್ನೋದು ಇದರಲ್ಲಿ ಅತಿ ಸುಲಭದ ಭಾಗ. ಅನಂತ ದೂರಕ್ಕೆ ಫೋಕಸ್ ಆದ ಲೆನ್ಸಿನ ಮುಂದೆ ಎಷ್ಟು ಡಯಾಪ್ಟರ್ (ಕನ್ನಡಕದ ನಂಬರಿನಂತೆ ಲೆನ್ಸಿನ ಪಾವರ್ ಅಳೆಯುವ ಮಾನ) ಸೇರಿಸಬೇಕೆಂದರೆ, 1 ಅನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿ. 1 ಮೀಟರಿಗೆ 1 ಡಯಾಪ್ಟರ್, ನಿಮ್ಮ 3.2 ಮೀಟರಿಗೆ 0.31. ಇಷ್ಟೇ. ಇದೇ ಕೆಲಸಕ್ಕೆ ಈಗ ನಿಮ್ಮ ಗೇರು ಲೆನ್ಸನ್ನು 0.125 ಮಿ.ಮೀ. ಮುಂದಕ್ಕೆ ತಳ್ಳುತ್ತದೆ (20ರ ವರ್ಗ ಭಾಗಿಸು 3200).

ತಾಳಿಕೆ, ಅಂದರೆ ಫೋಕಸ್ ಎಷ್ಟು ಸರಿದರೂ ಮಸುಕು ಕಾಣಲ್ಲ ಅನ್ನೋದೇ ಮುಖ್ಯ. ಚಿಪ್‌ನ ಕನ್ನಡಿ ಸುಮಾರು 7.6 ಮೈಕ್ರಾನ್ ಅಂತ ಹಿಡಿಯಿರಿ. ಎಫ್/2ಕ್ಕೆ ಮಸುಕು ಒಂದು ಪಿಕ್ಸೆಲ್ ಒಳಗಿರಬೇಕೆಂದರೆ ಫೋಕಸ್ ಆಚೀಚೆ 15 ಮೈಕ್ರಾನ್ ಸರಿಯಬಹುದು. ಅದನ್ನು ಡಯಾಪ್ಟರಿಗೆ ತಿರುಗಿಸಿದರೆ ಸುಮಾರು 0.04. ಅಂದರೆ ಲೆನ್ಸು ಎಷ್ಟೇ ದೊಡ್ಡ ಹರವಿನದಿದ್ದರೂ 0.04 ಡಯಾಪ್ಟರ್ ಒಳಗೆ ಅಲುಗಾಡದೆ ನಿಲ್ಲಬೇಕು. ಮಸುಕಿನ ತಕರಾರು ಪೂರಾ ಇದರ ಮೇಲೇ ನಿಂತಿದೆ.

ಅರ್ಧ ತಾಸಿಗೆ ಮಸುಕಾಗೋದು ಗೇರಿನ ದೋಷವಲ್ಲ. ಲೆನ್ಸಿನೊಳಗೆ ಪ್ಲಾಸ್ಟಿಕ್ ತುಂಡುಗಳಿವೆ. ಅಕ್ರಿಲಿಕ್ಕಿನ ವಕ್ರೀಭವನ ಪ್ರತಿ ಡಿಗ್ರಿಗೆ ಸುಮಾರು 0.0001 ಇಳಿಯುತ್ತದೆ, ಮೇಲೆ ಹಿಗ್ಗೋದೂ ಇದೆ. ಎರಡೂ ಕೂಡಿ ಪಾವರ್ ಡಿಗ್ರಿಗೆ 10,000ದಲ್ಲಿ 3 ಪಾಲು ಕಡಿಮೆ. 20 ಮಿ.ಮೀ. ಲೆನ್ಸು ಪೂರ್ತಿ ಅಕ್ರಿಲಿಕ್ ಇದ್ದು 30 ಡಿಗ್ರಿ ಬಿಸಿಯಾದರೆ ಫೋಕಸ್ ಸುಮಾರು 170 ಮೈಕ್ರಾನ್ ಓಡುತ್ತದೆ. ನಿಜವಾದ ಲೆನ್ಸಿನಲ್ಲಿ ಗಾಜೂ ಇರೋದರಿಂದ ಅಷ್ಟು ಓಡಲ್ಲ. ಆದರೆ ಅದರ ಹತ್ತನೇ ಒಂದು ಭಾಗ ಓಡಿದರೂ ನಿಮ್ಮ 15 ಮೈಕ್ರಾನ್ ಮುಗೀತು.

ಸೋಲ್ಡರ್‌ಕಾಕಾ (ಯಾದಗಿರಿ)

ಬಿಂದು ಸರ್ ಲೆಕ್ಕ ಬರೋಬರಿ ಅದ. ಹಂಗಾದ್ರ ಈ ಲೆನ್ಸಿನ್ಯಾಗ 5 ಡಯಾಪ್ಟರ್ ಹರವಿಂದೂ ಬರ್ತದ, 20ರದೂ ಬರ್ತದ, 20ರದೇ ತೊಗೊಂಡ್ರ ಆತಲ್ಲ? ಹರವು ಜಾಸ್ತಿ ಇದ್ರ ಮುಂದ ಯಾವುದಕ್ಕೂ ಆಗ್ತದ.

ಬೆಳಕಿನಬಿಂದು (ಕಲಬುರಗಿ)

ಕಾಕಾ, ಉಲ್ಟಾ. ಸ್ವಿಟ್ಜರ್ಲೆಂಡಿನ ಆಪ್ಟೋಟ್ಯೂನ್ ಕಂಪನಿಯ ಇಎಲ್-16-40 ಸರಣಿ ತೊಗೊಳ್ಳಿ, 16 ಮಿ.ಮೀ. ತೆರಪು (ಬೆಳಕು ಹಾಯುವ ಜಾಗದ ಅಗಲ). ಅದರಲ್ಲಿ −2ರಿಂದ +3 ಡಯಾಪ್ಟರ್ ಒಂದು, −10ರಿಂದ +10 ಇನ್ನೊಂದು. ಎರಡಕ್ಕೂ −250ರಿಂದ +250 ಮಿಲಿಆಂಪ್. ಮೊದಲನೆಯದರಲ್ಲಿ 1 ಮಿಲಿಆಂಪಿಗೆ 0.01 ಡಯಾಪ್ಟರ್, ಎರಡನೆಯದರಲ್ಲಿ 0.04. ದೊಡ್ಡ ಹರವಿನದಕ್ಕೆ ಡ್ರೈವರ್ 1 ಮಿಲಿಆಂಪ್ ಅಲುಗಾಡಿದರೆ ಇಡೀ ತಾಳಿಕೆ ತಿಂದು ಹಾಕಿತು. ಪ್ರೊಜೆಕ್ಟರಿಗೆ ಹರವು ಎಷ್ಟು ಸಣ್ಣದೋ ಅಷ್ಟು ಒಳ್ಳೇದು.

ಸೋಲ್ಡರ್‌ಕಾಕಾ (ಯಾದಗಿರಿ)

ಆಯ್ತು, ಹಂಗಿದ್ರ ಡ್ರೈವರ್ ನನ್ನ ಪಾಲಿಂದು. ಕೇಳ್ರಿ ಫರ್ಸಿಕಲ್ಲು.

ಅರ್ಡುವಿನೋ ಬೋರ್ಡ್ ಹಚ್ಚಿ ಪಿಡಬ್ಲ್ಯುಎಂ (ಕರೆಂಟ್ ಜೋರಾಗಿ ಆನ್ ಆಫ್ ಮಾಡಿ ಸರಾಸರಿ ಹೊಂದಸೋದು) ಕೊಟ್ಬಿಡ್ತೀನಿ ಅನ್ನೋರು ಬರ್ತಾರ. ಬ್ಯಾಡ. 8 ಬಿಟ್ ಅಂದ್ರ 500 ಮಿಲಿಆಂಪ್ ಹರವಿಗೆ ಒಂದೊಂದು ಹೆಜ್ಜಿ 2 ಮಿಲಿಆಂಪ್ ಬರ್ತದ, ಅಂದ್ರ 0.02 ಡಯಾಪ್ಟರ್, ತಾಳಿಕೆಯ ಅರ್ಧ ಅಲ್ಲೇ ಹೋಯ್ತು. ಮ್ಯಾಲ ಅರ್ಡುವಿನೋ ಊನೋ ಬೋರ್ಡಿನ ಪಿಡಬ್ಲ್ಯುಎಂ 490 ಹರ್ಟ್ಸ್. ಈ ಪೊರಿ ಲೆನ್ಸಿನ ಅನುರಣನ ಕೆಲವು ನೂರು ಹರ್ಟ್ಸ್ ಆಸುಪಾಸಿನ್ಯಾಗೇ ಇರ್ತದ. ಪೊರಿ ನಡುಗಿ ಅಕ್ಷರದ ಅಂಚು ಕುದಿಯೋ ನೀರಿನಂಗ ಕಾಣ್ತದ.

ಇನ್ನೊಂದು ತಪ್ಪು, ವೋಲ್ಟೇಜ್ ಕೊಡೋದು. ಕಾಯಿಲ್ ತಾಮ್ರದ್ದು. ತಾಮ್ರದ ರೋಧ ಡಿಗ್ರಿಗೆ 0.39% ಏರ್ತದ. 20 ಡಿಗ್ರಿಯಿಂದ 60ಕ್ಕ ಹೋದ್ರ ರೋಧ ಸುಮಾರು 16% ಜಾಸ್ತಿ. ಅದೇ ವೋಲ್ಟೇಜಿಗೆ 200 ಮಿಲಿಆಂಪ್ ಇದ್ದದ್ದು 173ಕ್ಕ ಇಳೀತದ. 27 ಮಿಲಿಆಂಪ್ ಅಂದ್ರ 0.27 ಡಯಾಪ್ಟರ್, ತಾಳಿಕೆಯ 7 ಪಟ್ಟು. ಅದಕ್ಕ ಕಾನ್‌ಸ್ಟಂಟ್ ಕರೆಂಟೇ ಬೇಕು.

ಮಾಡೋದು ಹಿಂಗ: ಎಂಸಿಪಿ4725 ಅನ್ನೋ 12 ಬಿಟ್ ಡ್ಯಾಕ್ (ಅಂಕಿನ ವೋಲ್ಟೇಜ್ ಮಾಡೋ ಚಿಪ್), ಒಂದು ಹೆಜ್ಜಿ 0.12 ಮಿಲಿಆಂಪ್ ಬೀಳ್ತದ, ಸಾಕಷ್ಟಾಯ್ತು. ಎಲ್272 ಪವರ್ ಆಪ್‌ಆಂಪ್, ಎರಡೂ ದಿಕ್ಕಿಗಿ ಕರೆಂಟ್ ಬೇಕಲ್ಲ, ಅದಕ್ಕ ಪ್ಲಸ್ ಮೈನಸ್ ಸಪ್ಲೈ. ಕಾಯಿಲಿನ ಒಂದು ತುದಿ ಔಟ್‌ಪುಟ್‌ಗೆ, ಇನ್ನೊಂದು ತುದಿ 1 ಓಮ್ ಸೆನ್ಸ್ ರೆಸಿಸ್ಟರಿಗೆ, ರೆಸಿಸ್ಟರಿನ ಆ ಕಡಿ ಗ್ರೌಂಡ್. ಕಾಯಿಲ್ ಮತ್ತ ರೆಸಿಸ್ಟರ್ ಕೂಡೋ ಜಾಗದಿಂದ ಮೈನಸ್ ಇನ್‌ಪುಟ್‌ಗೆ ವೈರ್. ಡ್ಯಾಕಿನ 0ರಿಂದ 5 ವೋಲ್ಟನ್ನ −0.25ರಿಂದ +0.25ಕ್ಕ ಇಳಿಸಿ ಪ್ಲಸ್ ಇನ್‌ಪುಟ್‌ಗೆ ಕೊಡ್ರಿ. ರೆಸಿಸ್ಟರ್ 1% ಮೆಟಲ್ ಫಿಲ್ಮ್ ಇರ್ಲಿ, ಕಾರ್ಬನ್ ಬ್ಯಾಡ, ಅದೇ ಬಿಸಿಗಿ ಜಾರ್ತದ. ಕಾಯಿಲ್ ಅಡ್ಡ ಒಂದು ರೆಸಿಸ್ಟರ್ ಕೆಪ್ಯಾಸಿಟರ್ ಜೋಡಿ ಹಾಕ್ರಿ, ಇಲ್ಲಾಂದ್ರ ಆಪ್‌ಆಂಪ್ ತಾನೇ ಆಸಿಲೇಟ್ ಆಗ್ತದ. ಮೀಟರಿನ್ಯಾಗ ಡಿಸಿ ಬರೋಬರಿ ತೋರಸ್ತದ, ಪರದಿ ಮ್ಯಾಲ ಮಾತ್ರ ಮಸುಕು. ಆಸಿಲೋಸ್ಕೋಪ್ ಇಟ್ರೇ ಗೊತ್ತಾಗೋದು.

ಮಾಲದಂಡಿ (ಅಫಜಲಪುರ)

ಕಾಕಾ ಒಂದೇ ಉಸಿರಿನ್ಯಾಗ ಡಿಪ್ಲೊಮಾ ಮುಗಿಸಿದ್ರು.

ಫರ್ಸಿಕಲ್ಲು (ಕಲಬುರಗಿ)

ಡ್ರೈವರ್ ತಿಳೀತು ಕಾಕಾ. ಇನ್ನು ಕೂಡಿಸೋ ಜಾಗ ಹೇಳ್ರಿ. ಪ್ರೊಜೆಕ್ಟರ್ ಲೆನ್ಸಿನ ಮುಂದಿನ ಗಾಜು ನೋಡಿದ್ರ 40 ಮಿ.ಮೀ. ಮ್ಯಾಲ ಅದ. 16 ಮಿ.ಮೀ.ದು ಅದರ ಮುಂದ ಇಟ್ರ?

ಬೆಳಕಿನಬಿಂದು (ಕಲಬುರಗಿ)

ಮೂಲೆಗಳು ಕಪ್ಪಾಗುತ್ತವೆ. ಕಾರಣ ಇದು: ಎಫ್/2, 20 ಮಿ.ಮೀ. ಅಂದರೆ ಪ್ಯೂಪಿಲ್ (ಲೆನ್ಸಿನ ಬೆಳಕಿನ ಕಿಂಡಿ) 20 ಭಾಗಿಸು 2, 10 ಮಿ.ಮೀ. ಥ್ರೋ ರೇಶಿಯೊ (ಪರದೆಯ ದೂರ ಭಾಗಿಸು ಚಿತ್ರದ ಅಗಲ) 1.5 ಅಂತ ಹಿಡಿದರೆ 16:9 ಚಿತ್ರದ ಮೂಲೆಗೆ ಹೋಗುವ ಬೆಳಕು ಅಕ್ಷದಿಂದ ಸುಮಾರು 21 ಡಿಗ್ರಿ ಓರೆ. ಪ್ಯೂಪಿಲ್‌ನಿಂದ 25 ಮಿ.ಮೀ. ಮುಂದೆ ಬರುವಷ್ಟರಲ್ಲಿ ಆ ಕಿರಣ 9.6 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಎರಡೂ ಕಡೆ ಸೇರಿಸಿ 10 ಮತ್ತು 19, ಒಟ್ಟು 29 ಮಿ.ಮೀ. ತೆರಪು ಬೇಕು. ನಿಮ್ಮ ಪ್ರೊಜೆಕ್ಟರಿನಲ್ಲಿ ಚಿತ್ರ ಅಕ್ಷಕ್ಕಿಂತ ಕೆಳಗೋ ಮೇಲೋ ಬೀಳುವ ಆಫ್‌ಸೆಟ್ ಇದ್ದರೆ ಇನ್ನೂ ಹೆಚ್ಚು.

ಸರಿಯಾದ ಜಾಗ ಅಪರ್ಚರ್ ಸ್ಟಾಪ್. ಅಲ್ಲಿ ಎಲ್ಲಾ ಮೂಲೆಯ ಬೆಳಕೂ ಒಂದೇ ಕಿಂಡಿಯಿಂದ ಹಾಯುತ್ತದೆ, ಚಿತ್ರದ ಅಳತೆಯೂ ಹೆಚ್ಚು ಕಡಿಮೆ ಆಗಲ್ಲ. ಮುಂದೆ ಇಟ್ಟರೆ ಫೋಕಸ್ ಬದಲಿಸಿದಾಗ ಚಿತ್ರ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ. ಆದರೆ ಸ್ಟಾಪ್ ಇರೋದು ಲೆನ್ಸಿನ ಹೊಟ್ಟೆಯೊಳಗೆ. ಅಲ್ಲಿ 10 ಮಿ.ಮೀ. ದಪ್ಪದ ಇನ್ನೊಂದು ಡಬ್ಬಿ ತುರುಕಲು ಜಾಗ ಬಿಟ್ಟು ಯಾರೂ ಲೆನ್ಸ್ ಮಾಡಿರಲ್ಲ. ಮೊದಲಿನಿಂದಲೇ ಹಾಗೆ ವಿನ್ಯಾಸ ಆಗಿದ್ದರೆ ಮಾತ್ರ ಸರಿ.

ತೊಗರಿಕಟ್ಟಿ (ಸೇಡಂ)

ಅಂದ್ರ ಗೇರ್ ಬದಲಿಸ್ರಿ.

ಕಾರಂಜಾ_ದಂಡಿ (ಬೀದರ್)

ಗುರುತ್ವದ ಮಾತು ಯಾರೂ ಎತ್ತಿಲ್ಲ. ಪೊರಿ ಲೆನ್ಸ್ ಮಲಗಿಸಿ ಇಟ್ಟಾಗ, ಅಂದ್ರ ಬೆಳಕು ಮ್ಯಾಲ ಕೆಳಗ ಹಾಯೋ ಹಂಗ ಇದ್ದಾಗ, ದ್ರವ ಸಮ ಕೂಡ್ತದ. ಹಾಲಿನ ಪ್ರೊಜೆಕ್ಟರಿನ್ಯಾಗ ಬೆಳಕು ಅಡ್ಡ ಹೋಗ್ತದ, ಲೆನ್ಸ್ ನಿಂತಿರ್ತದ. ಆಗ ದ್ರವದ ಭಾರ ಕೆಳಗಿನ ಅರ್ಧಕ್ಕ ಜಾಸ್ತಿ ಬಿದ್ದು ಪೊರಿ ಕೆಳಗ ಉಬ್ಬತದ, ಕೋಮಾ ಬರ್ತದ. ಚುಕ್ಕಿಗಿ ಬಾಲ ಬಂದಂಗ ಕಾಣ್ತದ, ಮ್ಯಾಲ ಕೆಳಗ ಒಂದೇ ದಿಕ್ಕಿಗಿ. ತೆರಪು ದೊಡ್ಡದಾದಷ್ಟು ಇದು ಜೋರು. ಫೋಕಸ್ ಎಷ್ಟು ತಿರುವಿದ್ರೂ ಹೋಗಲ್ಲ, ಯಾಕಂದ್ರ ಅದು ಫೋಕಸ್ ದೋಷ ಅಲ್ಲ.

ಹಾಲ್_ನಂ_4 (ಹುಮನಾಬಾದ್)

ಎಲೆಕ್ಟ್ರೋವೆಟಿಂಗ್ ಲೆನ್ಸ್‌ಗೆ ಆ ತೊಂದ್ರಿ ಇಲ್ಲ. ಅದರಾಗ ಪೊರಿ ಇಲ್ಲ, ಎಣ್ಣಿ ಮತ್ತ ನೀರು, ಎರಡರ ಸಾಂದ್ರತೆ ಒಂದೇ ಮಾಡಿರ್ತಾರ. ವೋಲ್ಟೇಜ್ ಕೊಟ್ರ ನಡುವಿನ ಮೇಲ್ಮೈ ಬಾಗತದ. ಗುರುತ್ವಕ್ಕ ಜಗ್ಗಲ್ಲ. ಫ್ರಾನ್ಸಿನ ವೇರಿಯಾಪ್ಟಿಕ್ ಮಾಡ್ತಿತ್ತು, ಆಮ್ಯಾಲ ಅದು ಕಾರ್ನಿಂಗ್ ಕಂಪನಿ ಕೈಗೆ ಹೋಯ್ತು.

ಕಾರಂಜಾ_ದಂಡಿ (ಬೀದರ್)

ಖರೆ, ಆದ್ರ ಸಾಮಾನ್ಯ ಮಾಡೆಲ್‌ಗಳ ತೆರಪು 2.5, 3.9 ಮಿ.ಮೀ. ಇರ್ತದ. 10 ಮಿ.ಮೀ. ಪ್ಯೂಪಿಲ್‌ಗೆ 3.9 ಇಟ್ರ ವಿಸ್ತೀರ್ಣದ ಲೆಕ್ಕದಾಗ ಬೆಳಕು ಸುಮಾರು 15% ಉಳೀತದ. ಹಾಲಿನ್ಯಾಗ ಯಾರಿಗೆ ಕಾಣ್ತದ? ಮತ್ತ ಅದಕ್ಕ ಎಸಿ ವೋಲ್ಟೇಜ್ ಬೇಕು, ಹತ್ತಾರು ವೋಲ್ಟ್, ಸುಮಾರು 1 ಕಿಲೋಹರ್ಟ್ಸ್. ಡಿಸಿ ಕೊಟ್ರ ಪದರಿನ್ಯಾಗ ಚಾರ್ಜ್ ಕೂತು ಲೆನ್ಸ್ ಜಾರ್ಲಾಕ ಶುರು ಆಗ್ತದ.

ಹಾಲ್_ನಂ_4 (ಹುಮನಾಬಾದ್)

ಲಿಕ್ವಿಡ್ ಕ್ರಿಸ್ಟಲ್ ಲೆನ್ಸ್? ಅದಕ್ಕ ದ್ರವದ ಭಾರವೂ ಇಲ್ಲ, ಕಾಯಿಲೂ ಇಲ್ಲ.

ಬೆಳಕಿನಬಿಂದು (ಕಲಬುರಗಿ)

ಅದು ಒಂದೇ ಧ್ರುವೀಕರಣದ ಬೆಳಕಿಗೆ ಕೆಲಸ ಮಾಡುತ್ತದೆ. ಡಿಎಲ್‌ಪಿ ಬೆಳಕು ಧ್ರುವೀಕರಣ ಇಲ್ಲದ್ದು, ಅರ್ಧ ಬೆಳಕು ಬಿಡಬೇಕು, ಇಲ್ಲ ಎರಡು ಲೆನ್ಸ್ ಅಡ್ಡಡ್ಡ ಜೋಡಿಸಬೇಕು. ಮೂರು ಎಲ್‌ಸಿಡಿ ಪ್ರೊಜೆಕ್ಟರಿಗೆ ಹಾಕೋಣ ಅಂದರೆ ಅಲ್ಲಿ ಬೇರೆ ಮೋಜು. ಬಣ್ಣ ಕೂಡಿಸುವ ಘನ ಪಟ್ಟಕದ ಸಲುವಾಗಿ ಬಹಳಷ್ಟು ಮಾಡೆಲ್‌ಗಳಲ್ಲಿ ಹಸಿರಿನ ಧ್ರುವೀಕರಣ ಕೆಂಪು ನೀಲಿಗೆ ಅಡ್ಡ ಇರುತ್ತದೆ. ಹಸಿರು ಒಂದು ಕಡೆ ಫೋಕಸ್, ಕೆಂಪು ನೀಲಿ ಇನ್ನೊಂದು ಕಡೆ. ಬಿಳಿ ಅಕ್ಷರಕ್ಕೆ ಬಣ್ಣದ ಅಂಚು ಬರುತ್ತದೆ.

ಸೋಲ್ಡರ್‌ಕಾಕಾ (ಯಾದಗಿರಿ)

ಮೋಟರ್ ಮತ್ತ ಟ್ಯೂನಬಲ್ ಲೆನ್ಸಿಗಿ ಇನ್ನೊಂದು ದೊಡ್ಡ ಫರಕ್ ಹೇಳ್ತೀನಿ. ಕರೆಂಟ್ ಹೋದ್ರ ಮೋಟರ್ ಇದ್ದಲ್ಲೇ ನಿಲ್ತದ. ಈ ಲೆನ್ಸ್ ತನ್ನ ಮೂಲ ಪಾವರಿಗಿ ವಾಪಸ್ ಹೋಗ್ತದ. ಫೋಕಸ್ ಹಿಡಿಯೋತನಕ ಕರೆಂಟ್ ಹರೀತಾನೇ ಇರ್ಬೇಕು, ಹರಿದ್ರ ಕಾಯಿಲ್ ಬಿಸಿ, ಬಿಸಿಯಾದ್ರ ದ್ರವ ಹಿಗ್ಗತದ, ಹಿಗ್ಗಿದ್ರ ಪಾವರ್ ಏರ್ತದ. ಕಲಬುರಗಿ ಮೇ ತಿಂಗಳ 43 ಡಿಗ್ರಿ, ಅದರ ಮ್ಯಾಲ ಪ್ರೊಜೆಕ್ಟರ್ ಒಳಗಿನ 20 ಡಿಗ್ರಿ ಹಿಡೀರಿ, 63. ಇಎಲ್-16-40ರ ಮಿತಿ 65. ಮುಂದ ನೀವೇ ಲೆಕ್ಕ ಹಾಕ್ರಿ.

ಮಾಲದಂಡಿ (ಅಫಜಲಪುರ)

ಬೀದರ್‌ಗೆ ಶಿಫ್ಟ್ ಮಾಡ್ರಿ ಹಾಲು, ಅಲ್ಲಿ ತಂಪು.

ಕಾರಂಜಾ_ದಂಡಿ (ಬೀದರ್)

ಮೇ ತಿಂಗಳ ಬಂದು ನೋಡ್ರಿ ಅಣ್ಣಾ, ಆಮ್ಯಾಲ ತಂಪು ಅಂತೀರಂತ.

ಫರ್ಸಿಕಲ್ಲು (ಕಲಬುರಗಿ)

ಹಂಗಂದ್ರ ಯಾರೂ ಪ್ರೊಜೆಕ್ಟರಿಗೆ ಇದನ್ನ ಹಾಕೇ ಇಲ್ಲೇನು? ಜಪಾನಿನೋರು ಏನೋ ಮಾಡ್ಯಾರ ಅಂತ ಓದಿದ್ದು ನೆನಪು.

ಬೆಳಕಿನಬಿಂದು (ಕಲಬುರಗಿ)

ಮಾಡಿದ್ದಾರೆ, ಆದರೆ ಮೋಟರಿನ ಬದಲಿಗೆ ಅಂತಲ್ಲ, ಮೋಟರಿನ ಕೈಲಿ ಆಗದ್ದಕ್ಕೆ. ಒಸಾಕಾ ವಿಶ್ವವಿದ್ಯಾಲಯದ ದೈಸುಕೆ ಇವಾಯಿ ತಂಡ 2015ರಲ್ಲಿ ಪ್ರಕಟಿಸಿದ ಕೆಲಸ. ಟ್ಯೂನಬಲ್ ಲೆನ್ಸನ್ನು ಕಣ್ಣಿಗೆ ಮಿಣುಕು ಕಾಣದಷ್ಟು ಜೋರಾಗಿ ಹಿಂದೆ ಮುಂದೆ ಆಡಿಸಿ, ಹತ್ತಿರ ದೂರ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಸ್ಪಷ್ಟತೆ ತಂದರು. ಉಬ್ಬು ತಗ್ಗು ಇರುವ ವಸ್ತುವಿನ ಮೇಲೆ ಚಿತ್ರ ಬಿಡಲು. ಎಲ್ಲಾ ದೂರದ ಮಸುಕೂ ಹೆಚ್ಚು ಕಡಿಮೆ ಒಂದೇ ನಮೂನೆ ಆಗೋದರಿಂದ ಚಿತ್ರವನ್ನು ಮೊದಲೇ ಲೆಕ್ಕ ಹಾಕಿ ಚೂಪು ಮಾಡಿ ಬಿಡಬಹುದು. ದಂಡ ಏನಂದರೆ ಕಾಂಟ್ರಾಸ್ಟ್ ಇಳಿಯುತ್ತದೆ, ಬೆಳಕನ್ನು ಸೊನ್ನೆಗಿಂತ ಕೆಳಗೆ ಇಳಿಸಲು ಯಾವ ಪ್ರೊಜೆಕ್ಟರಿಗೂ ಆಗಲ್ಲವಲ್ಲ.

ಸಾಮಾನ್ಯ ಡಿಎಲ್‌ಪಿ ಮೇಲೆ ಇದನ್ನು ಮಾಡಹೊರಟರೆ ಬಣ್ಣದ ಚಕ್ರ ಅಡ್ಡ ಬರುತ್ತದೆ. ಕೆಂಪು ಹೊಳೆಯುವಾಗ ಲೆನ್ಸ್ ಹತ್ತಿರ, ಹಸಿರು ಬರುವಷ್ಟರಲ್ಲಿ ದೂರ. ಲೆನ್ಸಿನ ತಾಳ ಮತ್ತು ಚಕ್ರದ ತಾಳ ಹೊಂದಿಸದಿದ್ದರೆ ಪ್ರತಿ ಬಣ್ಣಕ್ಕೆ ಬೇರೆ ಬೇರೆ ಮಸುಕು.

ಹಳೇ_ರೀಲು (ಕಲಬುರಗಿ)

ಲೇಸರ್ ಪ್ರೊಜೆಕ್ಟರಿನ್ಯಾಗ ಫೋಕಸ್ ಎಷ್ಟು ಮಾಡಿದ್ರೂ ಮರಳು ಚೆಲ್ಲಿದಂಗ ಕಾಣ್ತದಲ್ಲ, ಅದಕ್ಕೂ ಇದು ಆಗ್ತದೇನ್ರಿ?

ಬೆಳಕಿನಬಿಂದು (ಕಲಬುರಗಿ)

ಅದು ಸ್ಪೆಕಲ್, ಫೋಕಸ್ ಅಲ್ಲ. ಅದಕ್ಕೆ ಬೆಳಕಿನ ದಾರಿಯಲ್ಲಿ ಡಿಫ್ಯೂಸರ್ ಅಲುಗಾಡಿಸುತ್ತಾರೆ. ಬೇರೆ ಥ್ರೆಡ್ ತೆಗೆಯಿರಿ, ಇಲ್ಲಿ ಬೇಡ.

ನಿರ್ವಾಹಕ

ಈ ನಡುವೆ ಬಂದಿದ್ದ ಪ್ರೊಜೆಕ್ಟರ್ ಮಾರಾಟದ ಎರಡು ಪೋಸ್ಟ್ ತೆಗೆಯಲಾಗಿದೆ. ಮಾರಾಟಕ್ಕೆ ಬೇರೆ ವಿಭಾಗ ಇದೆ.

ಕಾರಂಜಾ_ದಂಡಿ (ಬೀದರ್)

ನನ್ನ ಅಭಿಪ್ರಾಯ ಹೇಳ್ತೀನಿ. ಹಾಲಿಗೆ ಇದು ಬ್ಯಾಡೇ ಬ್ಯಾಡ. ಇದರ ಖರೆ ಕೆಲಸ ಹತ್ತಿರದ ದೂರದಾಗ. ಬಿದ್ರಿ ಹೂಜಿ, ಹುಕ್ಕಾ ಬುಡ ಇಂಥಾವನ್ನ ಸ್ಟ್ರಕ್ಚರ್ಡ್ ಲೈಟ್‌ಲೇ (ಬೆಳಕಿನ ಪಟ್ಟಿ ಬಿಟ್ಟು ಅವು ಎಷ್ಟು ಬಾಗ್ತಾವ ಅಂತ ಕ್ಯಾಮೆರಾದಾಗ ನೋಡಿ) ತ್ರೀಡಿ ಸ್ಕ್ಯಾನ್ ಮಾಡೋದು ತೊಗೋರಿ. ಸಣ್ಣ ಪಿಕೊ ಡಿಎಲ್‌ಪಿ, ಕನ್ನಡಿ 5.4 ಮೈಕ್ರಾನ್, ಲೆನ್ಸ್ 8 ಮಿ.ಮೀ. ಎಫ್/2. ಬಿಂದು ಸರ್ ಹೇಳಿದ ಸೂತ್ರಾನೇ ಹಾಕಿದ್ರ ತಾಳಿಕೆ 0.17 ಡಯಾಪ್ಟರ್ ಬರ್ತದ. 40 ಸೆಂ.ಮೀ. ಅಂದ್ರ 2.5 ಡಯಾಪ್ಟರ್. ಆಚೀಚಿ 0.17 ಬಿಟ್ರ ಸ್ಪಷ್ಟ ಕಾಣೋದು 37.5ರಿಂದ 43 ಸೆಂ.ಮೀ. ತನಕ, ಐದೂವರಿ ಸೆಂ.ಮೀ. ಸುದ್ದ ಇಲ್ಲ. ಹೂಜಿಯ ಹೊಟ್ಟಿ, ಕುತ್ತಿಗಿ, ಹಿಡಿಕಿ ಎಲ್ಲಾ ಕೂಡಿ 15 ಸೆಂ.ಮೀ. ಆಳ ಆಗ್ತದ. ಹಿಂದಿನ ಪಟ್ಟಿ ಮಸುಕಾದ್ರ ಪಟ್ಟಿ ಎಷ್ಟು ಸರಿದದ ಅನ್ನೋ ಫೇಸ್ ಲೆಕ್ಕ ಕೆಡ್ತದ.

ಟ್ಯೂನಬಲ್ ಲೆನ್ಸ್ ಇದ್ರ ಮೂರು ಜಾಗದಾಗ ನಿಲ್ಲಸ್ರಿ: 2.84, 2.5, 2.16 ಡಯಾಪ್ಟರ್. ಮೂರೂ ಕೂಡಿಸಿದ್ರ 33ರಿಂದ 50 ಸೆಂ.ಮೀ. ತನಕ ಸ್ಪಷ್ಟ. ಪ್ರತಿ ಜಾಗಕ್ಕ ಲೆನ್ಸ್ ನಿಲ್ಲಾಕ 25 ಮಿಲಿಸೆಕೆಂಡ್ ಸಾಕು, ನೀವು 50 ಬಿಡ್ರಿ. ಮೋಟರಿನ್ಯಾಗ ಇಷ್ಟು ಬೇಗ ಆಗಲ್ಲ, ಮ್ಯಾಲ ಗೇರಿನ ಸಡಿಲು ಬ್ಯಾರೆ, ಹಿಂದಿಂದ ಬಂದ್ರ ಒಂದು ಜಾಗ, ಮುಂದಿಂದ ಬಂದ್ರ ಇನ್ನೊಂದು.

ಫರ್ಸಿಕಲ್ಲು (ಕಲಬುರಗಿ)

ಇದು ಛಲೋ ಅದ. ಆದ್ರ ಕೂಡಿಸೋ ಜಾಗದ ತಕರಾರು ಪಿಕೊಗೂ ಇರ್ಬೇಕಲ್ಲ?

ಕಾರಂಜಾ_ದಂಡಿ (ಬೀದರ್)

ಅದ, ಆದ್ರ ಸಣ್ಣದು. ಪ್ಯೂಪಿಲ್ 4 ಮಿ.ಮೀ. ಓರೆ ಅದೇ 21 ಡಿಗ್ರಿ. 10 ಮಿ.ಮೀ. ತೆರಪಿನ ಲೆನ್ಸ್ ಹಾಕಿದ್ರ ಪ್ಯೂಪಿಲ್‌ನಿಂದ 7 ಮಿ.ಮೀ. ದಾಟಬಾರದು, ಲೆನ್ಸಿನ ಡಬ್ಬಿಯ ದಪ್ಪಾನೇ ಅದನ್ನ ತಿಂತದ. 16 ಮಿ.ಮೀ. ತೆರಪಿಂದು ಹಾಕಿದ್ರ 15 ಮಿ.ಮೀ. ತನಕ ಅವಕಾಶ. ಅದಕ್ಕ ಪಿಕೊಗೂ ದೊಡ್ಡದೇ ತೊಗೋರಿ. ದೊಡ್ಡದಕ್ಕ ಗುರುತ್ವದ ಕೋಮಾ ಜಾಸ್ತಿ ಅಂದೆ, ಅದಕ್ಕ ಪ್ರೊಜೆಕ್ಟರನ್ನ ಕೆಳಗ ಮಾರಿ ಮಾಡಿ ತೂಗು ಹಾಕ್ರಿ, ಕೆಳಗ 45 ಡಿಗ್ರಿಗೆ ಕನ್ನಡಿ ಇಟ್ಟು ಬೆಳಕು ಹೂಜಿ ಕಡಿ ತಿರುವ್ರಿ. ಕನ್ನಡಿ ಮುಂದಿನ ಮುಖಕ್ಕ ಲೇಪ ಇರೋದೇ ಬೇಕು. ಅಂಗಡಿ ಕನ್ನಡಿ ಹಾಕಿದ್ರ ಗಾಜಿನ ಮುಂದಿನ ಮುಖದಿಂದ ಇನ್ನೊಂದು ತೆಳು ಪಟ್ಟಿ ಬಂದು ಎಲ್ಲಾ ಕೆಡಸ್ತದ.

ಬೆಳಕಿನಬಿಂದು (ಕಲಬುರಗಿ)

ಇದಕ್ಕೆ ಒಂದು ಸೇರಿಸ್ತೀನಿ, ಮೂಲ ಪ್ರಶ್ನೆಗೂ ಇದೇ ಉತ್ತರ. ಮೆಕ್ಯಾನಿಕಲ್ ಫೋಕಸ್ ಕಿತ್ತು ಹಾಕಬೇಡಿ. ಟ್ಯೂನಬಲ್ ಲೆನ್ಸ್ ಕೂಡಿಸಿ, ಕರೆಂಟ್ 0 ಇಟ್ಟು, ಪಿಕೊದ ಸುತ್ತು ತಿರುವಿ 40 ಸೆಂ.ಮೀ.ಗೆ ಫೋಕಸ್ ಮಾಡಿ ಬಿಗಿ ಮಾಡಿಬಿಡಿ. 0 ಮಿಲಿಆಂಪಿಗೆ ಪಾವರ್ 0 ಇರಲ್ಲ, ಅದಕ್ಕೇ ಲೆನ್ಸ್ ಕೂಡಿಸಿದ ಮೇಲೆ ತಿರುವಬೇಕು. ಆಮೇಲೆ ಬೇಕಾದ್ದು ಆಚೀಚೆ 0.34 ಡಯಾಪ್ಟರ್ ಮಾತ್ರ, ಅಂದರೆ 34 ಮಿಲಿಆಂಪ್. ಕಾಯಿಲಿನ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರೋದು. 250 ಮಿಲಿಆಂಪಿಗೆ ಹೋಲಿಸಿದರೆ 34ರ ಬಿಸಿ 2% ಕೂಡ ಇಲ್ಲ. ಕಾಕಾ ಹೇಳಿದ ಬಿಸಿ, ಹಿಗ್ಗು, ಜಾರಿಕೆಯ ಅರ್ಧ ತಲೆನೋವು ಇಲ್ಲೇ ಮುಗೀತು.

ಸೋಲ್ಡರ್‌ಕಾಕಾ (ಯಾದಗಿರಿ)

ಅರ್ಧ ಮುಗೀತು. ಕೋಣಿಯ ಬಿಸಿ ಉಳೀತದಲ್ಲ. ಲೆನ್ಸಿನ ಒಳಗ ಟೆಂಪರೇಚರ್ ಸೆನ್ಸರ್ ಇರ್ತದ, ಐಟೂಸಿ ಅನ್ನೋ ಎರಡು ತಂತಿಮ್ಯಾಲ ಓದ್ಲಾಕ ಬರ್ತದ. 30 ಡಿಗ್ರಿಗೊಮ್ಮಿ 45ಕ್ಕೊಮ್ಮಿ ಫೋಕಸ್ ಎಷ್ಟು ಮಿಲಿಆಂಪಿಗೆ ಬರ್ತದ ನೋಡಿ ಬರಕೋರಿ, ನಡುವಿಂದು ಗೆರಿ ಎಳೆದು ಕೋಡಿನ್ಯಾಗ ಹಾಕ್ರಿ.

ಹಾಲ್_ನಂ_4 (ಹುಮನಾಬಾದ್)

ಅದ್ಯಾಕ, ಕ್ಯಾಮೆರಾ ಇದ್ದೇ ಇದೆಯಲ್ಲ ಸ್ಕ್ಯಾನರಿನ್ಯಾಗ. ಚೌಕಳಿ ಬಿಟ್ಟು ಆಟೋಫೋಕಸ್ ಮಾಡ್ರಿ. ಲ್ಯಾಪ್ಲೇಶಿಯನ್ (ಚಿತ್ರದ ಅಂಚು ಎಷ್ಟು ಚೂಪು ಅನ್ನೋ ಲೆಕ್ಕ) ತೆಗೆದು ಅದರ ಏರಿಳಿತ ಎಲ್ಲಿ ಜಾಸ್ತಿ ಅಲ್ಲಿ ನಿಲ್ಲಸ್ರಿ. ಮೊದಲು 0.2 ಡಯಾಪ್ಟರ್ ಹೆಜ್ಜಿ, ಹತ್ತಿರ ಬಂದ ಮ್ಯಾಲ 0.04.

ಬೆಳಕಿನಬಿಂದು (ಕಲಬುರಗಿ)

ಮಾಡಬಹುದು, ಆದರೆ ಕ್ಯಾಮೆರಾದ ಎಕ್ಸ್‌ಪೋಶರ್ ಸುಮ್ಮನೆ ಆಟೋದಲ್ಲಿ ಬಿಟ್ಟರೆ ಸಂಖ್ಯೆ ಕುಣಿಯುತ್ತದೆ. ಪ್ರೊಜೆಕ್ಟರ್ 60 ಹರ್ಟ್ಸ್, ಕೋಣೆಯ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 100 ಮಿಲಿಸೆಕೆಂಡ್ ಎಕ್ಸ್‌ಪೋಶರ್ ಇಟ್ಟರೆ ಪ್ರೊಜೆಕ್ಟರಿನ 6 ಫ್ರೇಮ್, ಟ್ಯೂಬಿನ 10 ಮಿಣುಕು, ಎರಡೂ ಪೂರ್ತಿ ಕೂಡುತ್ತವೆ. ಬೆಳಕು ಹೆಚ್ಚಾದರೆ ಕ್ಯಾಮೆರಾದ ಕಿಂಡಿ ಸಣ್ಣದು ಮಾಡಿ, ಎಕ್ಸ್‌ಪೋಶರ್ ಮುಟ್ಟಬೇಡಿ.

ಫರ್ಸಿಕಲ್ಲು (ಕಲಬುರಗಿ)

ಹಾಲಿಗೆ ಗೇರೇ ಹಾಕ್ತೀನಿ, ಕಟ್ಟಿ ಅಣ್ಣ ಗೆದ್ದ. ಗೇರಿನ ಅಳತಿ ಹೆಂಗ ಹೇಳಬೇಕು ಅಂಗಡಿಯೋರಿಗೆ? ಹಲ್ಲು 22, ಹೊರಗಿನ ವ್ಯಾಸ 12 ಮಿ.ಮೀ. ಮತ್ತ ಮಸುಕಿಗಿ ಏನು ಮಾಡ್ಲಿ?

ತೊಗರಿಕಟ್ಟಿ (ಸೇಡಂ)

ಹಲ್ಲಿಗಿ 2 ಕೂಡಿಸಿ ಹೊರಗಿನ ವ್ಯಾಸಾನ ಅದರಿಂದ ಭಾಗಿಸ್ರಿ. 12 ಭಾಗಿಸು 24, ಅರ್ಧ. ಮಾಡ್ಯೂಲ್ 0.5, ಹಲ್ಲು 22 ಅಂತ ಕೇಳ್ರಿ. ಶಾಫ್ಟ್ 2 ಮಿ.ಮೀ. ಇದ್ರ ಗೇರಿನ ತೂತು 1.95 ಇರ್ಬೇಕು, ಒತ್ತಿ ಕೂಡಿಸೋದು. ಅಂಟು ಹಾಕಬ್ಯಾಡ್ರಿ.

ಮೋಟರ್ ಯಾಕ ಹಲ್ಲು ಕಿತ್ತಿತು ಅದನ್ನೂ ನೋಡ್ರಿ. ಲೆನ್ಸಿನ ಸುತ್ತಿನ ಗ್ರೀಸ್ ಒಣಗಿ ಧೂಳು ಕೂಡಿ ಗಟ್ಟಿಯಾಗಿರ್ತದ. ನಮ್ಮ ಕಡಿ ದಾಲ್ ಮಿಲ್ ಧೂಳು ಗೊತ್ತಲ್ಲ, ಫಿಲ್ಟರ್ ದಾಟಿ ಒಳಗ ಹೋಗ್ತದ. ಹಳೇ ಗ್ರೀಸ್ ಒರೆಸಿ ತೆಗೆದು ಡ್ಯಾಂಪಿಂಗ್ ಗ್ರೀಸ್ ತೆಳುವಾಗಿ ಹಚ್ಚರಿ. ತುಕ್ಕು ಬಿಡಿಸೋ ಸ್ಪ್ರೇ ಹೊಡೀಬ್ಯಾಡ್ರಿ. ಗ್ರೀಸ್ ತೊಳೆದು ಹೋಗ್ತದ, ಅದರ ಆವಿ ಲೆನ್ಸಿನ ಒಳಗಿನ ಗಾಜಿಗಿ ಕೂತು ಪರದಿಮ್ಯಾಲ ಹೊಗಿ ಹಿಡಿದಂಗ ಕಾಣ್ತದ.

ಬಿಚ್ಚೋ ಮುಂದ ಪ್ಲಗ್ ಕಿತ್ತು ಅರ್ಧ ತಾಸು ಬಿಡ್ರಿ. ಲ್ಯಾಂಪಿನ ಬಲಾಸ್ಟ್ ಕಡಿ ಕೆಪ್ಯಾಸಿಟರಿನ್ಯಾಗ 380 ವೋಲ್ಟ್ ಆಸುಪಾಸು ಕೂತಿರ್ತದ.

ಮಸುಕಿಗಿ ಒಂದೇ ಉಪಾಯ. ಆನ್ ಮಾಡಿ ಬಿಳಿ ಚಿತ್ರ ಬಿಟ್ಟು ಅರ್ಧ ತಾಸು ಬಿಟ್ಟು ಆಮ್ಯಾಲ ಫೋಕಸ್ ಮಾಡ್ರಿ, ತಣ್ಣಗಿದ್ದಾಗ ಮಾಡಬ್ಯಾಡ್ರಿ. ಯಾವಾಗಲೂ ಒಂದೇ ಕಡಿಯಿಂದ ತಿರುವ್ಕೊಂತ ಬಂದು ನಿಲ್ಲಸ್ರಿ, ದಾಟಿ ಹೋದ್ರ ಪುರಾ ಹಿಂದ ಹೋಗಿ ಮತ್ತ ಬರ್ರಿ. ಶುರುವಿನ ಅರ್ಧ ತಾಸು ಜರಾ ಮಸುಕಿರ್ತದ, ಇರ್ಲಿ.

ಸೋಲ್ಡರ್‌ಕಾಕಾ (ಯಾದಗಿರಿ)

ಗೇರ್ ಅಂತ ಒಂದೇ ಸಾಲು ಬರೀತಿದ್ದ ಮನುಷ್ಯ ಈಗ ನನಗಿಂತ ಉದ್ದ ಬರದಾನ.

ಮಾಲದಂಡಿ (ಅಫಜಲಪುರ)

😂 ಕಟ್ಟಿ ಅಣ್ಣನ ಹೊಟ್ಟಿಯಾಗ ಇಷ್ಟೊಂದು ಇತ್ತೇನು!

ಹಾಲ್_ನಂ_4 (ಹುಮನಾಬಾದ್)

ಕಾರಂಜಾ ಅವ್ರೇ, ಬಿದ್ರಿ ಮ್ಯಾಲ ಪಟ್ಟಿ ಬಿಟ್ರ ಬೆಳ್ಳಿ ಪೂರಾ ಮಿಂಚತದ, ಕರೀ ಮೈ ಪೂರಾ ಕತ್ತಲು. ಪ್ರೊಜೆಕ್ಟರಿಗೂ ಕ್ಯಾಮೆರಾಕ್ಕೂ ಅಡ್ಡಡ್ಡ ಪೋಲರೈಸರ್ ಹಾಕಿದ್ರ ಮಿಂಚು ಹೋಗ್ತದಲ್ಲ?

ಕಾರಂಜಾ_ದಂಡಿ (ಬೀದರ್)

ಮಿಂಚು ಹೋಗ್ತದ, ಬೆಳ್ಳಿಯೂ ಅದರ ಜೋಡಿ ಹೋಗ್ತದ. ಹೊಳಪು ಮಾಡಿದ ಬೆಳ್ಳಿಯಿಂದ ಬರೋದು ಬಹುತೇಕ ಕನ್ನಡಿ ಪ್ರತಿಫಲನಾನೇ, ಅದು ಧ್ರುವೀಕರಣ ಹಂಗೇ ಉಳಿಸಿಕೊಂಡು ಬರ್ತದ. ಪೋಲರೈಸರ್ ಅದನ್ನ ತಡೆದ್ರ ಬೆಳ್ಳಿ ಇದ್ದ ಜಾಗದಾಗ ಮಾಡೆಲಿನ್ಯಾಗ ತೂತು ಬೀಳ್ತಾವ.

ಸೈಕ್ಲೊಡೋಡೆಕೇನ್ ಸ್ಪ್ರೇ ಹೊಡೀರಿ. ಬಿಳೇ ತೆಳು ಪದರ ಕೂಡ್ತದ, ತಾನಾಗೇ ಆವಿಯಾಗಿ ಹೋಗ್ತದ, ಒರಸೋದು ಇಲ್ಲ. ಬಿಸಿ ಕೋಣ್ಯಾಗ ಬೇಗ ಹಾರ್ತದ, ಅದಕ್ಕ ಕ್ಯಾಲಿಬ್ರೇಶನ್ ಮೊದಲೇ ಮುಗಿಸಿ, ಹೊಡೆದ ಕೂಡ್ಲೇ ಸ್ಕ್ಯಾನ್ ಶುರು ಮಾಡ್ರಿ. ಟಾಲ್ಕ್, ಟೈಟೇನಿಯಂ ಡೈಆಕ್ಸೈಡ್ ಪುಡಿ ಹಾಕಬ್ಯಾಡ್ರಿ. ಬೆಳ್ಳಿ ತಂತಿ ಮತ್ತ ಕರೀ ಮೈ ಕೂಡೋ ಸಂದಿನ್ಯಾಗ ಸಿಕ್ಕೊಂತದ. ಅದನ್ನ ತೆಗೀಲಾಕ ತಿಕ್ಕಿದ್ರ ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿ ಬರಿಸಿದ ಕಪ್ಪೇ ಎದ್ದು ಬರ್ತದ.

ಮತ್ತ ಮೂರು ಫೋಕಸ್ ಜಾಗಕ್ಕೂ ಪ್ರೊಜೆಕ್ಟರ್ ಕ್ಯಾಲಿಬ್ರೇಶನ್ ಬ್ಯಾರೆ ಬ್ಯಾರೆ ಮಾಡ್ರಿ. ಲೆನ್ಸ್ ಮುಂದ ಕೂತದ, ಪಾವರ್ ಬದಲಾದ್ರ ಚಿತ್ರದ ಅಳತಿಯೂ ಜರಾ ಬದಲಾಗ್ತದ. ಒಂದೇ ಕ್ಯಾಲಿಬ್ರೇಶನ್ ಮೂರಕ್ಕೂ ಹಾಕಿದ್ರ ಹೂಜಿಯ ಕುತ್ತಿಗಿ ಹೊಟ್ಟಿಗಿ ಕೂಡಲ್ಲ, ನಡುವ ಮೆಟ್ಟಲ ಬಿದ್ದಂಗ ಆಗ್ತದ.

ಹಾಲ್_ನಂ_4 (ಹುಮನಾಬಾದ್)

ಮೂರಕ್ಕೂ ಕ್ಯಾಲಿಬ್ರೇಶನ್ನಿನ ಚೆಸ್‌ಬೋರ್ಡ್ ಒಂದೇ ನಡೀತದೋ, ಬ್ಯಾರೆ ಬೇಕೋ?

ಕಾರಂಜಾ_ದಂಡಿ (ಬೀದರ್)

ಒಂದೇ ನಡೀತದ, ದೂರ ಮಾತ್ರ ಬದಲಿಸ್ರಿ: 35, 40, 46 ಸೆಂ.ಮೀ. ಬೋರ್ಡನ್ನ ಗಾಜಿಗಿ ಅಂಟಿಸಿ, ಕಾಗದ ಬಾಗಬಾರದು.